ಸುಣ್ಣ ಕೊನೆಗೆ, ಹುಳಿ ಬುಡಕ್ಕೆ: ಮಲೆನಾಡಿನ ಮಣ್ಣಿನ ಲೆಕ್ಕ

ಮುಂಗಾರು ಹಿಡಿಯುವ ಮುಂಚೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಂಗಡಿಗಳಲ್ಲಿ ಮೈಲುತುತ್ತದ ಜೊತೆ ಸುಣ್ಣವೂ ಚೀಲಗಟ್ಟಲೆ ಖರ್ಚಾಗುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಕೊಳೆರೋಗಕ್ಕೆ ಈ ಬೋರ್ಡೋ ದ್ರಾವಣ ಹೊಡೆಯದ ಅಡಿಕೆ ಮನೆ ಮಲೆನಾಡಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಆ ಸುಣ್ಣವೆಲ್ಲ ಮರದ ತುದಿಯ ಕೊನೆಗೆ, ಅಂದರೆ ಅಡಿಕೆ ಗೊನೆಗೆ, ಹೋಗುತ್ತದೆ. ಅದೇ ಮರದ ಬುಡಕ್ಕೆ, ಮಣ್ಣಿನ ಹುಳಿ ಅಂದರೆ ಆಮ್ಲತೆ ತೆಗೆಯಲು, ಸುಣ್ಣ ಹಾಕಿ ಎಷ್ಟು ವರ್ಷವಾಯಿತು ಎಂದು ಕೇಳಿ ನೋಡಿ. ‘ಅಪ್ಪನ ಕಾಲದಲ್ಲಿ ಹಾಕಿದ್ದರಂತೆ’ ಎನ್ನುವವರೇ ಹೆಚ್ಚು.

ಇತ್ತ ತೋಟದ ದೂರುಗಳ ಪಟ್ಟಿ ವರ್ಷ ವರ್ಷ ಉದ್ದವಾಗುತ್ತಿದೆ. ಸೋಗೆ ಹಳದಿ, ಹಿಂಗಾರ ಒಣಗುವುದು, ಎಳೆಗಾಯಿ ಉದುರುವುದು, ಗೊಬ್ಬರ ಹಾಕಿದರೂ ಮೇಲೇಳದ ಸಸಿ, ಮೇಲಿಂದ ಎಲೆಚುಕ್ಕಿ. ಪ್ರತಿ ದೂರಿಗೂ ಒಂದೊಂದು ಬಾಟಲಿ ಸಿಗುತ್ತದೆ. ಇವೆಲ್ಲಕ್ಕೂ ಮಣ್ಣಿನ ಹುಳಿಯೇ ಕಾರಣ ಎಂದು ನಾನು ಹೇಳುವುದಿಲ್ಲ. ಎಲೆಚುಕ್ಕಿ ಶಿಲೀಂಧ್ರದ ಕೆಲಸ. ಶೃಂಗೇರಿ, ಕೊಪ್ಪದ ಕಡೆಯ ತೋಟಗಳನ್ನು ನುಂಗಿದ ಹಳದಿ ಎಲೆ ರೋಗ ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ಜಾತಿಯ ಸೂಕ್ಷ್ಮಜೀವಿಯಿಂದ ಬರುವಂಥದ್ದು. ಯಾವ ಸುಣ್ಣವೂ ಅದನ್ನು ವಾಸಿ ಮಾಡದು. ಆದರೆ ಹುಳಿ ಮಣ್ಣಿನಲ್ಲಿ ಬೇರು ಸೊರಗಿ, ಪೊಟ್ಯಾಷ್ ಸಿಗದೆ ನಿಂತ ಮರ ಯಾವ ರೋಗಕ್ಕೂ ಬೇಗ ಬಗ್ಗುತ್ತದೆ. ರೋಗವೇ ಇಲ್ಲದ ಹಳದಿಯನ್ನೂ ರೋಗವೆಂದು ತಿಳಿದು ಸಿಂಪಡಿಸಿದ ದುಡ್ಡಿನ ಲೆಕ್ಕ ಇಟ್ಟವರಿಲ್ಲ.

ಮಲೆನಾಡಿನ ಮಣ್ಣು ಹುಳಿಯಾದದ್ದು ನಿನ್ನೆ ಮೊನ್ನೆಯಲ್ಲ. ಮಳೆನೀರು ಗಾಳಿಯ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಬೀಳುವಾಗಲೇ ಅದರ ರಸಸಾರ, ಅಂದರೆ ಪಿಎಚ್, ಸುಮಾರು 5.6 ಇರುತ್ತದೆ (7 ಸಮ, ಅದಕ್ಕಿಂತ ಇಳಿದಷ್ಟೂ ಹುಳಿ). ಆಗುಂಬೆಯಲ್ಲಿ ಇಂಥ ನೀರು ವರ್ಷಕ್ಕೆ 7,000 ಮಿ.ಮೀ. ಮೀರಿ ಸುರಿಯುತ್ತದೆ, ಅದೇ ಜಿಲ್ಲೆಯ ಶಿವಮೊಗ್ಗ ನಗರಕ್ಕೆ ಬರುವಾಗ ಮಳೆ 1,000 ಮಿ.ಮೀ.ಗೂ ಕಡಿಮೆ. ಪಶ್ಚಿಮದಲ್ಲಿ ಸುರಿದದ್ದು ಸುಮ್ಮನೆ ಹರಿದು ಹೋಗುವುದಿಲ್ಲ. ಮಣ್ಣಿನ ಕಣಕ್ಕೆ ಅಂಟಿದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಷ್‌ಗಳನ್ನು ಎಬ್ಬಿಸಿ ಶರಾವತಿಗೋ ತುಂಗೆಗೋ ಒಯ್ಯುತ್ತದೆ. ತೆರವಾದ ಜಾಗದಲ್ಲಿ ಹೈಡ್ರೋಜನ್ ಮತ್ತು ಅಲ್ಯೂಮಿನಿಯಂ ಕೂರುತ್ತವೆ. ಲಕ್ಷಾಂತರ ವರ್ಷ ಹೀಗೆ ತೊಳೆದು ಉಳಿದದ್ದೇ ನಮ್ಮ ಜಂಬಿಟ್ಟಿಗೆ ಕಲ್ಲು, ಕೆಂಪು ಧರೆ: ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್ ಮತ್ತು ಕಯೊಲಿನೈಟ್ ಜೇಡಿ. ಎರೆಮಣ್ಣಿನ ಜೇಡಿ ಪೋಷಕಾಂಶ ಹಿಡಿದಿಡುವ ದೊಡ್ಡ ಕಣಜವಾದರೆ, ಕಯೊಲಿನೈಟಿನದ್ದು ಅಂಗೈ ಅಗಲದ ಕಣಜ. ಹಾಕಿದ್ದರಲ್ಲಿ ಹಿಡಿಸುವಷ್ಟು ಹಿಡಿಸಿ ಮಿಕ್ಕಿದ್ದು ಹಳ್ಳಕ್ಕೆ.

ಪಿಎಚ್ ಅಂಕಿಯನ್ನು ಓದುವಾಗ ಒಂದು ಎಚ್ಚರ ಬೇಕು. 6ರಿಂದ 5ಕ್ಕೆ ಇಳಿದರೆ ಆಮ್ಲತೆ ಹತ್ತು ಪಟ್ಟು ಹೆಚ್ಚಾಯಿತೆಂದು ಅರ್ಥ, 6.5ರಿಂದ 4.5ಕ್ಕೆ ಇಳಿದರೆ ನೂರು ಪಟ್ಟು. ‘ಎರಡು ಪಾಯಿಂಟ್ ಅಷ್ಟೇ ಕಡಿಮೆ’ ಎಂದು ಮಣ್ಣು ಪರೀಕ್ಷೆಯ ಕಾರ್ಡನ್ನು ಮಡಚಿ ಗೂಡಿಗೆ ಸೇರಿಸುವಷ್ಟು ಸಣ್ಣ ವಿಷಯ ಇದಲ್ಲ.

ಗಿಡಕ್ಕೆ ಪೆಟ್ಟು ಕೊಡುವುದು ಬಹುಪಾಲು ಹುಳಿಯಲ್ಲ, ಹುಳಿ ಕರಗಿಸಿದ ಅಲ್ಯೂಮಿನಿಯಂ. ಪಿಎಚ್ 5.5ಕ್ಕಿಂತ ಮೇಲಿದ್ದರೆ ಅದು ಕಲ್ಲಿನಂತೆ ಗಟ್ಟಿಯಾಗಿ ಕೂತಿರುತ್ತದೆ. ಅದರ ಕೆಳಗೆ ಇಳಿದಂತೆಲ್ಲ ಮಣ್ಣಿನ ನೀರಿಗೆ ಬರುತ್ತದೆ. ಬೇರಿನ ತುದಿಯ ಕೆಲವು ಮಿ.ಮೀ. ಭಾಗದಲ್ಲಿ ಜೀವಕೋಶಗಳು ಉದ್ದವಾಗುವುದನ್ನೇ ಅದು ತಡೆಯುತ್ತದೆ. ಬೇರು ಮೊಂಡಾಗಿ, ದಪ್ಪವಾಗಿ, ಕಂದು ಬಣ್ಣಕ್ಕೆ ತಿರುಗಿ, ಕವಲೊಡೆಯದೆ ನಿಲ್ಲುತ್ತದೆ. ಮೇಲ್ಮಣ್ಣಿಗೆ ಸೊಪ್ಪು, ಗೊಬ್ಬರ ಬೀಳುವುದರಿಂದ ಅಲ್ಲಿ ಸ್ವಲ್ಪ ಆರಾಮ. ಒಂದಡಿ ಕೆಳಗೆ ಹೋದರೆ ಅಲ್ಯೂಮಿನಿಯಂ ತಡೆ. ಹಾಗಾಗಿ ಬೇರೆಲ್ಲ ಮೇಲೆಯೇ ಹರಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಇದು ಗೊತ್ತೇ ಆಗದು. ಮಳೆ ಕಂಡಾಪಟ್ಟೆ ಸುರಿದ ಊರಿನಲ್ಲೂ ಜನವರಿ ಮುಗಿಯುವುದರೊಳಗೆ ತೋಟ ಬಾಡುವುದು ಏಕೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ. ನೀರು ಕೆಳಗಿರುತ್ತದೆ, ಬೇರು ಅಲ್ಲಿಗೆ ಇಳಿದಿರುವುದಿಲ್ಲ. ಕೊಳವೆಬಾವಿ ಕೊರೆಸುವ ಮುಂಚೆ ಹಾರೆಯಲ್ಲಿ ಎರಡಡಿ ಅಗೆದು ಬೇರು ಎಲ್ಲಿ ನಿಂತಿದೆ ಎಂದು ನೋಡುವುದು ಖರ್ಚಿಲ್ಲದ ಪರೀಕ್ಷೆ.

ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ, ಕಾನಿನ ಬದಿಯಲ್ಲಿ ನೇರಳೆ ಹೂ ಬಿಡುವ ನೆಕ್ಕರಕ ಗಿಡ ಇಂಥ ಮಣ್ಣಿನಲ್ಲೇ ಸುಖವಾಗಿರುತ್ತದೆ. ಅಲ್ಯೂಮಿನಿಯಂ ಅನ್ನು ಎಲೆಯಲ್ಲಿ ಶೇಖರಿಸಿಕೊಂಡೂ ಬದುಕುವ ಕಲೆ ಅದಕ್ಕೆ ಗೊತ್ತು. ಚಹಾ ಗಿಡಕ್ಕೂ ಗೊತ್ತು. ಅನಾನಸ್, ರಬ್ಬರ್ ಸಹಿಸಿಕೊಳ್ಳುತ್ತವೆ. ಶುಂಠಿಗೆ, ಕಾಳುಮೆಣಸಿಗೆ 5.5ರಿಂದ 6.5ರ ನಡುವೆ ಹಿತ. ಉದ್ದು, ಹೆಸರು, ಶೇಂಗಾದಂಥ ದ್ವಿದಳಗಳಿಗೆ ಕಷ್ಟ ಹೆಚ್ಚು, ಏಕೆಂದರೆ ಬೇರುಗಂಟಿನ ರೈಜೋಬಿಯಂ ಹುಳಿಯಲ್ಲಿ ಸರಿಯಾಗಿ ಕೆಲಸ ಮಾಡದು. ಅದಕ್ಕೆ ಬೇಕಾದ ಮಾಲಿಬ್ಡಿನಂ ಕೂಡ ಹುಳಿ ಮಣ್ಣಿನಲ್ಲಿ ಸಿಗದಂತಾಗುತ್ತದೆ.

ರಂಜಕದ ಕಥೆ ಬೇರೆ. ಅದು ಹಳ್ಳಕ್ಕೆ ಹೋಗುವುದಿಲ್ಲ. ಕರಗಿದ ಕಬ್ಬಿಣ, ಅಲ್ಯೂಮಿನಿಯಂ ಜೊತೆ ಗಂಟು ಹಾಕಿಕೊಂಡು ಮಣ್ಣಿನಲ್ಲೇ ಇರುತ್ತದೆ, ಗಿಡಕ್ಕೆ ಮಾತ್ರ ದಕ್ಕದು. ರಂಜಕದ ಗೊಬ್ಬರ ಡಿಎಪಿ ಸುರಿದದ್ದರಲ್ಲಿ ದೊಡ್ಡ ಪಾಲು ಹೀಗೆ ಜೈಲು ಸೇರುತ್ತದೆ. ಇಲ್ಲೊಂದು ಲಾಭವೂ ಉಂಟು. ಬಯಲುಸೀಮೆಯ ಸುಣ್ಣದ ನೆಲದಲ್ಲಿ ಕರಗದೆ ಬಿದ್ದಿರುವ ರಾಕ್ ಫಾಸ್ಫೇಟನ್ನು (ರಂಜಕದ ಕಲ್ಲುಪುಡಿ) ನಮ್ಮ ಹುಳಿ ಮಣ್ಣು ನಿಧಾನವಾಗಿ ಕರಗಿಸಿ ಕೊಡುತ್ತದೆ. ದೀರ್ಘಾವಧಿ ಬೆಳೆಗೆ ಇದು ಅಗ್ಗದ ದಾರಿ. ಆದರೆ ರಾಕ್ ಫಾಸ್ಫೇಟ್ ಮತ್ತು ಸುಣ್ಣ ಒಟ್ಟಿಗೆ ಹಾಕಿದರೆ ಫಾಸ್ಫೇಟ್ ದಂಡ: ಸುಣ್ಣ ಹುಳಿಯನ್ನು ತೆಗೆದರೆ ಫಾಸ್ಫೇಟ್ ಕರಗುವುದು ಯಾವುದರಿಂದ?

ಹುಳಿ ಹಳೆಯದಾದರೆ ಈಗೇಕೆ ಈ ಗಲಾಟೆ? ನನ್ನ ಪ್ರಕಾರ ಹುಳಿಯನ್ನು ಹಿಡಿತದಲ್ಲಿಟ್ಟಿದ್ದ ವ್ಯವಸ್ಥೆಗಳನ್ನು ನಾವು ಒಂದೊಂದಾಗಿ ತೆಗೆದುಹಾಕಿದೆವು, ತೆಗೆದದ್ದು ಏನೆಂದು ತಿಳಿಯದೆಯೇ.

ಮೊದಲನೆಯದು ಗದ್ದೆ. ನೀರು ನಿಲ್ಲಿಸಿದ ಗದ್ದೆಯ ಮಣ್ಣಿನಲ್ಲಿ ಕೆಲವೇ ದಿನಕ್ಕೆ ಆಮ್ಲಜನಕ ಮುಗಿಯುತ್ತದೆ. ಆಗ ಸೂಕ್ಷ್ಮಜೀವಿಗಳು ಉಸಿರಾಟಕ್ಕೆ ಕಬ್ಬಿಣದ ಆಕ್ಸೈಡನ್ನು ಬಳಸಿಕೊಳ್ಳುತ್ತವೆ. ಈ ಕ್ರಿಯೆಯಲ್ಲಿ ಆಮ್ಲವೇ ಖರ್ಚಾಗುತ್ತದೆ. ಪಿಎಚ್ 5 ಇದ್ದ ಮಣ್ಣು ಕೆಲವು ವಾರಗಳಲ್ಲಿ 6.5ರ ಆಸುಪಾಸಿಗೆ ಏರುತ್ತದೆ, ಅಲ್ಯೂಮಿನಿಯಂ ತೆಪ್ಪಗಾಗುತ್ತದೆ, ಕಬ್ಬಿಣ ಹಿಡಿದಿಟ್ಟ ರಂಜಕ ಬಿಡುಗಡೆಯಾಗುತ್ತದೆ. ಚೀಲ ಸುಣ್ಣವಿಲ್ಲದೆ ಪ್ರತಿ ಮಳೆಗಾಲ ನಡೆಯುವ ಸುಣ್ಣದ ಉಪಚಾರ ಇದು. ಮಲೆನಾಡಿನ ಬೈಲುಗದ್ದೆಗಳು ಹುಳಿ ಮಣ್ಣಿನ ನಡುವೆಯೂ ತಲೆಮಾರುಗಟ್ಟಲೆ ಅನ್ನ ಕೊಟ್ಟದ್ದರ ಹಿಂದೆ ಈ ರಸಾಯನವಿದೆ. ಅತಿಯಾದಾಗ ಇದೇ ತೊಂದರೆಯಾಗುವುದೂ ಉಂಟು. ಗುಡ್ಡದ ಒರತೆ ಇಳಿಯುವ, ಬಸಿಯದ ತಗ್ಗುಗದ್ದೆಯಲ್ಲಿ ಕರಗಿದ ಕಬ್ಬಿಣ ಹೆಚ್ಚಾಗಿ ನೀರಿನ ಮೇಲೆ ಎಣ್ಣೆಯಂಥ ಪೊರೆ ಕಟ್ಟುತ್ತದೆ, ಭತ್ತದ ಎಲೆ ಕಂದು ಚುಕ್ಕೆಯಾಗಿ ಕೆಂಪಡರುತ್ತದೆ. ಅದನ್ನು ಬೆಂಕಿರೋಗವೆಂದು ಔಷಧಿ ಹೊಡೆದವರಿದ್ದಾರೆ. ಬೇಕಾದದ್ದು ಬಸಿಗಾಲುವೆ ಮತ್ತು ಪೊಟ್ಯಾಷ್.

ಭತ್ತ ಗಿಟ್ಟದೆ, ಕೂಲಿ ಸಿಗದೆ, ಅಡಿಕೆ ದರ ಏರಿದಂತೆ ಆ ಗದ್ದೆಗಳೆಲ್ಲ ತೋಟವಾದವು. ಕಪ್ಪು (ಬಸಿಗಾಲುವೆ) ತೆಗೆದು ನೀರು ಬಸಿದೆವು. ಗಾಳಿಯಾಡಿದ್ದೇ ಕಬ್ಬಿಣ ಮತ್ತೆ ಆಕ್ಸೈಡಾಯಿತು, ಆಮ್ಲ ಹಿಂದೆ ಬಂತು, ರಂಜಕ ಮತ್ತೆ ಕಟ್ಟಿಬಿತ್ತು. ‘ಗದ್ದೆ ಮಣ್ಣು, ಫಲವತ್ತಾಗಿದೆ’ ಎಂದು ನೆಟ್ಟ ಸಸಿ ನಾಲ್ಕೈದು ವರ್ಷಕ್ಕೇ ಮಂಕಾಗುವ ಕಡೆ, ಬಸಿಯುವಿಕೆ ಸರಿಯಿದ್ದೂ ಹೀಗಾಗುತ್ತಿದ್ದರೆ, ಮೊದಲು ಅನುಮಾನಿಸಬೇಕಾದ್ದು ಇದನ್ನು. ಬೆಳೆ ಬದಲಾಯಿಸುವಾಗ ಮಣ್ಣಿನ ರಸಾಯನವೇ ಬದಲಾಗುತ್ತದೆ ಎಂದು ರೈತನಿಗೆ ಹೇಳಿದವರು ಕಡಿಮೆ. ಸಸಿ, ಪೈಪು, ಸಾಲದ ಮಾತೇ ಎಲ್ಲೆಡೆ.

ಎರಡನೆಯದು ಒಲೆ. ಬಚ್ಚಲ ಒಲೆಯ, ಅಡುಗೆ ಒಲೆಯ ಬೂದಿ ದಿನಾ ಗೊಬ್ಬರಗುಂಡಿಗೆ ಬೀಳುತ್ತಿತ್ತು. ಕಟ್ಟಿಗೆ ಬೂದಿಯಲ್ಲಿ ಮುಖ್ಯವಾಗಿ ಇರುವುದು ಕ್ಯಾಲ್ಸಿಯಂ ಮತ್ತು ಪೊಟ್ಯಾಸಿಯಂ ಕಾರ್ಬೋನೇಟ್, ಅಂದರೆ ಸುಣ್ಣವೂ ಪೊಟ್ಯಾಷೂ ಒಟ್ಟಿಗೆ. ಸೊಪ್ಪಿನಬೆಟ್ಟದಿಂದ ತಂದ ಸೊಪ್ಪು, ದರಕು (ಒಣ ಎಲೆ) ಕೊಟ್ಟಿಗೆಗೆ ಹಾಸಿ ತೋಟ ಸೇರುತ್ತಿದ್ದಾಗ ಕಾಡಿನ ಮರಗಳು ಆಳದಿಂದ ಎಳೆದು ತಂದ ಕ್ಯಾಲ್ಸಿಯಂ ತೋಟಕ್ಕೆ ಬರುತ್ತಿತ್ತು. ಸಾವಯವ ಪದಾರ್ಥ ಕರಗಿದ ಅಲ್ಯೂಮಿನಿಯಂ ಅನ್ನು ಹಿಡಿದು ನಿರುಪದ್ರವಿ ಮಾಡುತ್ತಿತ್ತು. ಪಿಎಚ್ ಅಷ್ಟಾಗಿ ಏರದಿದ್ದರೂ ಬೇರು ಬದುಕುತ್ತಿತ್ತು. ಈಗ ಗ್ಯಾಸ್ ಬಂತು, ಸೋಲಾರ್ ಬಂತು. ಹೆಂಗಸರ ಕಣ್ಣು, ಶ್ವಾಸಕೋಶ ಉಳಿದವು, ಅದರ ಬಗ್ಗೆ ತಕರಾರಿಲ್ಲ. ಕೊಟ್ಟಿಗೆ ಖಾಲಿಯಾಯಿತು, ಸೊಪ್ಪು ಕಡಿಯುವವರಿಲ್ಲ. ಆದರೆ ಬೂದಿ ಮತ್ತು ಸೊಪ್ಪಿನ ಜಾಗಕ್ಕೆ ಬಂದದ್ದು ಹುಳಿಯನ್ನು ಕಡಿಮೆ ಮಾಡುವ ವಸ್ತುವಲ್ಲ, ಹೆಚ್ಚು ಮಾಡುವ ವಸ್ತು.

ಮೂರನೆಯದು ಹೊಸಮಣ್ಣು. ತೋಟಕ್ಕೆ ಕೆಲವು ವರ್ಷಕ್ಕೊಮ್ಮೆ ಮಣ್ಣು ಏರಿಸುವುದು ಹಳೆಯ ಪದ್ಧತಿ, ಮೇಲೆದ್ದ ಬೇರು ಮುಚ್ಚಲು ಬೇಕೂ ಬೇಕು. ಬುಟ್ಟಿಯಲ್ಲಿ ಹೊರುತ್ತಿದ್ದ ಕಾಲದಲ್ಲಿ ಹತ್ತಿರದ ಮೇಲ್ಮಣ್ಣು ಬರುತ್ತಿತ್ತು. ಜೆಸಿಬಿ ಬಂದ ಮೇಲೆ ಧರೆಯನ್ನು ಹತ್ತು ಹದಿನೈದು ಅಡಿ ಕಡಿದು ಟಿಪ್ಪರಿನಲ್ಲಿ ಸುರಿಯುತ್ತೇವೆ. ಆ ಕೆಂಪು, ಕೆಲವೊಮ್ಮೆ ಬಿಳಿ ಮಚ್ಚೆಯ ಮಣ್ಣಿನಲ್ಲಿ ಸಾವಯವ ಇಂಗಾಲ ಇಲ್ಲವೆಂದರೂ ನಡೆದೀತು. ಕ್ಯಾಲ್ಸಿಯಂ ತೊಳೆದು ಹೋಗಿ ಯಾವ ಕಾಲವಾಯಿತೋ. ಐವತ್ತು ವರ್ಷ ಸೊಪ್ಪು ಕೊಟ್ಟು ಸಾಕಿದ ಮಣ್ಣಿನ ಮೇಲೆ ಅರ್ಧ ಅಡಿ ಕಚ್ಚಾ ಧರೆಮಣ್ಣು ಹೊದಿಸುವ ಈ ಖರ್ಚಿನ ಕೆಲಸ ನನಗೆ ಎಂದೂ ಅರ್ಥವಾಗಿಲ್ಲ. ಹಾಕಲೇಬೇಕಿದ್ದರೆ ಆ ಮಣ್ಣಿನ ಪರೀಕ್ಷೆ ಮೊದಲು ಆಗಲಿ, ಸುಣ್ಣ ಮತ್ತು ಗೊಬ್ಬರ ಅದರೊಳಗೇ ಬೆರೆಯಲಿ.

ಇನ್ನು ಯೂರಿಯಾ. ಯೂರಿಯಾ ಸ್ವತಃ ಹುಳಿಯಲ್ಲ; ಮಣ್ಣಿನಲ್ಲಿ ಅಮೋನಿಯಂ ಆಗಿ, ಅದು ನೈಟ್ರೇಟ್ ಆಗುವಾಗ ಆಮ್ಲ ಹುಟ್ಟುತ್ತದೆ. ಗಿಡ ಬಳಸದ ನೈಟ್ರೇಟ್ ಮಳೆಯಲ್ಲಿ ಇಳಿದು ಹೋಗುವಾಗ ಕ್ಯಾಲ್ಸಿಯಂ ಜೊತೆಗೆ ಕರೆದುಕೊಂಡು ಹೋಗುತ್ತದೆ, ಆಮ್ಲ ಮಾತ್ರ ಇಲ್ಲೇ ಉಳಿಯುತ್ತದೆ. ಯೂರಿಯಾದ 1 ಕೆಜಿ ಸಾರಜನಕದ ಹುಳಿ ತೆಗೆಯಲು ಸುಮಾರು 1.8 ಕೆಜಿ ಶುದ್ಧ ಕ್ಯಾಲ್ಸಿಯಂ ಕಾರ್ಬೋನೇಟ್ ಬೇಕೆಂಬುದು ರೂಢಿಯ ಲೆಕ್ಕ. ಅಮೋನಿಯಂ ಸಲ್ಫೇಟಿನದ್ದಾದರೆ 5.4 ಕೆಜಿ. ಅಡಿಕೆಗೆ ಶಿಫಾರಸು ಮರಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಎಕರೆಗೆ 550 ಮರ ಎಂದುಕೊಂಡರೆ 55 ಕೆಜಿ ಸಾರಜನಕ. ಅದಷ್ಟೂ ಯೂರಿಯಾ ಆದರೆ ವರ್ಷಕ್ಕೆ ಸುಮಾರು 100 ಕೆಜಿ ಕಾರ್ಬೋನೇಟ್ ಬೇಡುವ ಹುಳಿ. ಹುಳಿ ಮಣ್ಣಿನ ತೋಟಕ್ಕೆ ಸಾಮಾನ್ಯ ಶಿಫಾರಸು ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ ಸುಣ್ಣ, ಅಂದರೆ ಎಕರೆಗೆ 275 ಕೆಜಿ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಮೂರು ವರ್ಷಕ್ಕೊಮ್ಮೆ ಹಾಕುವ ಈ ಸುಣ್ಣ ಆ ಮೂರು ವರ್ಷದ ಯೂರಿಯಾ ಹುಟ್ಟಿಸಿದ ಹುಳಿಗೆ ಹೆಚ್ಚುಕಡಿಮೆ ಸರಿಹೋಯಿತು. ಮಳೆ ಮಾಡಿಟ್ಟ ಹಳೆಯ ಹುಳಿ ಇದ್ದಲ್ಲೇ ಇದೆ. ಆ ಸುಣ್ಣವನ್ನೂ ಹಾಕದವನ ತೋಟ ವರ್ಷವರ್ಷ ಕೆಳಗಿಳಿಯುತ್ತಿದೆ ಎಂದೇ ಲೆಕ್ಕ. ಇದರ ಮೇಲೆ ಬೋರ್ಡೋ ತೊಟ್ಟಿಕ್ಕಿ ಮಣ್ಣಲ್ಲಿ ಸೇರುತ್ತ ಬಂದ ತಾಮ್ರವಿದೆ. ಪಿಎಚ್ ಇಳಿದಂತೆ ಅದೂ ಹೆಚ್ಚು ಕರಗುತ್ತದೆ.

ಈ ಹೊತ್ತಿನಲ್ಲಿ ಮಲೆನಾಡಿನ ಬೆಳೆಗಾರ ಚನ್ನಗಿರಿ, ಭೀಮಸಮುದ್ರದ ಇಳುವರಿ ನೋಡಿ ಅಲ್ಲಿಯ ಗೊಬ್ಬರದ ಚೀಟಿ ತಂದು ಇಲ್ಲಿ ಹಾಕುತ್ತಾನೆ. ಅಲ್ಲಿ ಮಳೆ ಕಡಿಮೆ, ಮಣ್ಣಿನಲ್ಲಿ ಕ್ಯಾಲ್ಸಿಯಂ ತುಂಬಿದೆ, ಕೆಲವೆಡೆ ಕ್ಷಾರವೇ ತೊಂದರೆ. ಅಲ್ಲಿ ಆಮ್ಲ ಹುಟ್ಟಿಸುವ ಗೊಬ್ಬರದಿಂದ ಉಪಕಾರವೂ ಆದೀತು. ಹೊಸನಗರದಲ್ಲಿ ಅದೇ ಗೊಬ್ಬರ ಉಲ್ಟಾ ಹೊಡೆಯುತ್ತದೆ.

ಹಾಗಾದರೆ ಪರೀಕ್ಷೆ ಮಾಡಿಸಿ ಎನ್ನುವುದು ಸುಲಭದ ಸಲಹೆ. 2015ರಲ್ಲಿ ಶುರುವಾದ ಮಣ್ಣು ಆರೋಗ್ಯ ಕಾರ್ಡ್ 12 ಅಂಶ ಹೇಳುತ್ತದೆ: ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಪಟ್ಟಿಯಲ್ಲಿ ಕ್ಯಾಲ್ಸಿಯಂ ಇಲ್ಲ, ಮೆಗ್ನೀಷಿಯಂ ಇಲ್ಲ, ಅಲ್ಯೂಮಿನಿಯಂ ಇಲ್ಲ. ದೇಶಕ್ಕೆಲ್ಲ ಒಂದೇ ಅಂಗಿ ಹೊಲಿಸಿದಾಗ ಮಲೆನಾಡಿಗೆ ಬೇಕಾದ ಗುಂಡಿಗಳೇ ಬಿಟ್ಟುಹೋದವು. ಇನ್ನೊಂದು ತೊಡಕು: ಪಿಎಚ್ ಒಂದೇ ಇದ್ದರೂ ಸುಣ್ಣದ ಅಗತ್ಯ ಒಂದೇ ಅಲ್ಲ. ಪಿಎಚ್ 5ರ ಮರಳುಮಿಶ್ರಿತ ಮಕ್ಕಿ ನೆಲಕ್ಕೆ ಸ್ವಲ್ಪ ಸಾಕು. ಅದೇ 5ರ ಜೇಡಿ, ಕಪ್ಪು ಗೊಬ್ಬರದಂಶ ಇರುವ ಕಣಿವೆ ತೋಟಕ್ಕೆ ಅದರ ಹಲವು ಪಟ್ಟು ಬೇಕು. ಇದನ್ನು ಹೇಳುವುದು ‘ಸುಣ್ಣದ ಅಗತ್ಯ’ ಎಂಬ ಬೇರೆಯೇ ಪರೀಕ್ಷೆ. ನವುಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಇರುವಕ್ಕಿಯ ವಿಶ್ವವಿದ್ಯಾಲಯಕ್ಕೋ ಮಾದರಿ ಒಯ್ಯುವವರು ಇದನ್ನು ಬಾಯಿಬಿಟ್ಟು ಕೇಳಬೇಕು. ಮೇಲಿನ ಒಂದಡಿಯ ಮಣ್ಣು ಒಂದು ಚೀಲ, ಅದರ ಕೆಳಗಿನ ಒಂದಡಿ ಇನ್ನೊಂದು ಚೀಲ. ಬೇರು ನಿಂತದ್ದು ಏಕೆಂದು ಎರಡನೆಯ ಚೀಲವೇ ಹೇಳುವುದು.

ಸುಣ್ಣದಲ್ಲೂ ಜಾತಿಗಳಿವೆ. 100 ಕೆಜಿ ಸುಣ್ಣದಕಲ್ಲಿನ ಪುಡಿ ಮಾಡುವ ಕೆಲಸವನ್ನು 92 ಕೆಜಿ ಡೋಲೊಮೈಟ್, 74 ಕೆಜಿ ಅರಳಿಸಿದ ಸುಣ್ಣ, 56 ಕೆಜಿ ಸುಟ್ಟ ಸುಣ್ಣ ಮಾಡುತ್ತವೆ, ಎಲ್ಲವೂ ಶುದ್ಧವಿದ್ದರೆ. ಡೋಲೊಮೈಟಿನಲ್ಲಿ ಮೆಗ್ನೀಷಿಯಂ ಕೂಡ ಇರುವುದರಿಂದ ತೊಳೆದುಹೋದ ನಮ್ಮ ಮಣ್ಣಿಗೆ ನಾನು ಅದನ್ನೇ ಮೊದಲು ಹೇಳುವುದು. ಕಲ್ಲುಪುಡಿ ನುಣ್ಣಗಿರಬೇಕು, ತರಿತರಿಯಾದದ್ದು ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಜಿಪ್ಸಂ ಪಿಎಚ್ ಏರಿಸುವುದಿಲ್ಲ, ಆದರೆ ಸುಣ್ಣ ಇಳಿಯದ ಆಳಕ್ಕೆ ಇಳಿದು ಕ್ಯಾಲ್ಸಿಯಂ ಕೊಟ್ಟು ಅಲ್ಯೂಮಿನಿಯಂ ಕಾಟ ಕಡಿಮೆ ಮಾಡುತ್ತದೆ. ಮೇಲಕ್ಕೆ ಡೋಲೊಮೈಟ್, ಆಳಕ್ಕೆ ಜಿಪ್ಸಂ ಎಂಬ ಜೋಡಿ ಉಳುಮೆಯಿಲ್ಲದ ತೋಟಕ್ಕೆ ಹೊಂದುತ್ತದೆ. ಮಣ್ಣಿನಲ್ಲಿ ಹಸಿ ಇರುವಾಗ, ಜಡಿಮಳೆ ಇಲ್ಲದಾಗ ಹಾಕಬೇಕು. ಅಡ್ಡಮಳೆ ಬಿದ್ದ ಮೇಲೆ ಏಪ್ರಿಲ್-ಮೇ, ಇಲ್ಲವೇ ಮಳೆ ಹಿಂದೆ ಸರಿದ ಸೆಪ್ಟೆಂಬರ್-ಅಕ್ಟೋಬರ್. ಯೂರಿಯಾ ಜೊತೆ ಬೆರೆಸಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಎರಡು ಮೂರು ವಾರ ಅಂತರ ಬೇಕು.

ಪಿಎಚ್ 7ಕ್ಕೆ ಒಯ್ಯುವ ಹಟವೂ ಬೇಡ. ಇಂಥ ಮಣ್ಣಿನಲ್ಲಿ 5.5ರಿಂದ 6 ಮುಟ್ಟಿದರೆ ಅಲ್ಯೂಮಿನಿಯಂ ಬಹುಪಾಲು ಅಡಗಿತು, ಕೆಲಸ ಆಯಿತು. ಹೆಚ್ಚು ಸುರಿದರೆ ಮೊದಲೇ ಕಡಿಮೆಯಿರುವ ಸತು, ಬೋರಾನ್ ಸಿಗದಂತಾಗುತ್ತವೆ, ಸಾವಯವ ಅಂಶ ಬೇಗ ಕರಗುತ್ತದೆ.

ಇತ್ತೀಚೆಗೆ ‘ಎಕರೆಗೆ ಒಂದು ಲೀಟರ್, ಪಿಎಚ್ ಸರಿ’ ಎಂಬ ದ್ರಾವಣಗಳು ಊರೂರಿಗೆ ಬರುತ್ತಿವೆ. ಒಂದು ಎಕರೆಯ ಮೇಲಿನ ಅರ್ಧ ಅಡಿ ಮಣ್ಣೇ ಸುಮಾರು 8 ಲಕ್ಷ ಕೆಜಿ ತೂಗುತ್ತದೆ. ನೂರಾರು ಕೆಜಿ ಸುಣ್ಣ ಬೇಡುವ ಹುಳಿಯನ್ನು ಒಂದು ಲೀಟರ್ ನೀರು ತೆಗೆಯಬೇಕಾದರೆ ರಸಾಯನಶಾಸ್ತ್ರ ರಜೆ ಹಾಕಬೇಕು. ಎಲೆಗೆ ಒಂದಿಷ್ಟು ಕ್ಯಾಲ್ಸಿಯಂ ಸಿಕ್ಕರೆ ಸಿಕ್ಕೀತು, ಮಣ್ಣು ಬದಲಾಗದು.

ರೈತನ ಆಲಸ್ಯವನ್ನೇ ದೂರಿ ಪ್ರಯೋಜನವಿಲ್ಲ. ಹುಳಿ ಹೆಚ್ಚಿಸುವ 45 ಕೆಜಿ ಯೂರಿಯಾ ಚೀಲ ಭಾರೀ ಸಹಾಯಧನದಿಂದ ₹300ರೊಳಗೆ ಮನೆಬಾಗಿಲಿಗೆ ಬರುತ್ತದೆ. ಅದರ ಹುಳಿ ತೆಗೆಯಲು ಬೇಕಾದ 37 ಕೆಜಿಯಷ್ಟು ಸುಣ್ಣದ ಪುಡಿಯನ್ನು ರೈತ ಸಂಪರ್ಕ ಕೇಂದ್ರದಲ್ಲಿ ಇದ್ದಾಗ ಇದ್ದಷ್ಟು ತರಬೇಕು, ಇಲ್ಲವೇ ಲಾರಿ ಬಾಡಿಗೆ ಕೊಟ್ಟು ಘಟ್ಟದಾಚೆಯಿಂದ ತರಿಸಬೇಕು. ಕಾಫಿ ಸೀಮೆಯಲ್ಲಿ ಸುಣ್ಣ ಹಾಕುವುದು ವಾಡಿಕೆಯಾದದ್ದು ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರ ಮತ್ತು ಎಸ್ಟೇಟುಗಳ ಲೆಕ್ಕಾಚಾರದಿಂದ. ಎರಡೆಕರೆ ಅಡಿಕೆಯವನಿಗೆ ಅಂಥ ಬೆಂಬಲ ಇಲ್ಲ. ಶುಂಠಿಗೆ ಒಂದು ವರ್ಷ ಗುತ್ತಿಗೆ ಹಿಡಿದವನಂತೂ ಮೂರು ವರ್ಷಕ್ಕೆ ಫಲ ಕೊಡುವ ಸುಣ್ಣಕ್ಕೆ ಏಕೆ ದುಡ್ಡು ಹಾಕಿಯಾನು? ನೆಲದ ಯಜಮಾನ ಗುತ್ತಿಗೆ ಮಾತಿನಲ್ಲೇ ಡೋಲೊಮೈಟ್ ಇಷ್ಟು, ಕೊಟ್ಟಿಗೆ ಗೊಬ್ಬರ ಇಷ್ಟು ಎಂದು ಸೇರಿಸಬೇಕು, ಬಾಡಿಗೆ ಸ್ವಲ್ಪ ಇಳಿದರೂ ಸರಿ.

ಈ ವರ್ಷ ಹಾಕಲು ಹೊರಟವರು ತೋಟದಲ್ಲಿ ಒಂದೆರಡು ಸಾಲು ಬಿಟ್ಟು ಹಾಕಿ, ಬಿಟ್ಟ ಸಾಲಿಗೆ ಬಣ್ಣದ ಗುರುತು ಮಾಡಿ. ಮೊದಲ ವರ್ಷ ಏನೂ ಕಾಣದು. ಅಡಿಕೆ ಮರ ನಿಧಾನದ ಪ್ರಾಣಿ. ಎರಡನೆಯ ಬೇಸಿಗೆಯಲ್ಲಿ ಎರಡೂ ಕಡೆ ಒಂದೊಂದು ಗುಂಡಿ ತೋಡಿ ಬಿಳಿಬೇರು ಎಷ್ಟು ಆಳ ಇಳಿದಿದೆ ನೋಡಿ, ಮೂರನೆಯ ಕೊಯ್ಲಿನಲ್ಲಿ ಎರಡೂ ಸಾಲಿನ ಕೊನೆ ಬೇರೆ ಬೇರೆ ತೂಗಿ. ವ್ಯತ್ಯಾಸ ಬಾರದಿದ್ದರೆ ನಿಮ್ಮ ತೋಟದ ಕೊರತೆ ಬೇರೆ ಕಡೆ ಇದೆ. ಬಂದರೆ ಮುಂದಿನ ಸಲ ಎಷ್ಟು ಹಾಕಬೇಕೆಂಬ ಲೆಕ್ಕ ನಿಮ್ಮ ಕೈಯಲ್ಲೇ ಇರುತ್ತದೆ.